ಬಳೆದಿಬ್ಬದ ಮಣ್ಣು

ಬಸ್ರೂರಿನಿಂದ ಆಚೆ, ಹೊಳೆಬದಿಯ ಗುಡ್ಡೆಯ ಮೇಲೆ ಬಳೆಯಂತೆ ದುಂಡಗೆ ಸುತ್ತಿದ ಮಣ್ಣಿನ ದಿಬ್ಬವೊಂದಿತ್ತು. ಆಳೆತ್ತರ, ಮೈತುಂಬ ಹುಲ್ಲು. ಸ್ವಾತಂತ್ರ್ಯಕ್ಕೆ ಇನ್ನೂ ಒಂದೆರಡು ವರ್ಷವಿರುವಾಗ ನಾನು ಮದುವೆಯಾಗಿ ಆ ಊರಿಗೆ ಬಂದೆ. ದಿಬ್ಬದ ಪಕ್ಕ ಸರ್ಕಾರದ ಹಲಗೆ ಆಗಲೇ ನಿಂತಿತ್ತು: ಇತಿಹಾಸಕ್ಕೂ ಹಿಂದಿನ ಜನ ಕಟ್ಟಿದ್ದು, ಅಗೆದವರಿಗೆ ದಂಡ. ಊರಿನವರು ನಂಬಿರಲಿಲ್ಲ. ದಿಬ್ಬವನ್ನು ಯಾರಾದರೂ ಕಟ್ಟುವುದುಂಟೇ ಎಂದು ನಗುತ್ತಿದ್ದರು.

ನಮ್ಮ ಗದ್ದೆ ಹೊಳೆಗೆ ತಾಗಿಕೊಂಡಿತ್ತು. ಭರತದ ಹೊತ್ತಿಗೆ ಕಡಲು ಉಬ್ಬಿ ಉಪ್ಪುನೀರು ನುಗ್ಗದಂತೆ ಹೊಳೆಯುದ್ದಕ್ಕೂ ಮಣ್ಣಿನ ಕಟ್ಟ; ಪ್ರತಿ ಮನೆಗೂ ಅದರಲ್ಲಿ ಒಂದು ಪಾಲು. ಇನ್ನೊಂದು ಮನೆಯ ಕಟ್ಟದಿಂದ ಹಿಡಿ ಮಣ್ಣನ್ನೂ ತೆಗೆಯುವಂತಿರಲಿಲ್ಲ. ತೆಗೆದವರ ಮನೆಯಲ್ಲಿ ಯಾರೂ ನೀರು ಕುಡಿಯುತ್ತಿರಲಿಲ್ಲ.

ಆ ವರ್ಷ ಸುಗ್ಗಿ ಬೆಳೆಯ ನಟ್ಟಿ ಮುಗಿದ ವಾರದಲ್ಲೇ ನಮ್ಮ ಪಾಲಿನ ಕಟ್ಟ ಬಾಯಿ ಬಿಟ್ಟಿತು. ಸಂಜೆಯ ಭರತಕ್ಕೆ ಮೊದಲು ಮುಚ್ಚದಿದ್ದರೆ ಸಸಿಯೆಲ್ಲ ಸುಟ್ಟಹಾಗೆ. ಗಂಡ ಬೊಂಬಾಯಿಯಲ್ಲಿದ್ದರು. ಗದ್ದೆಯ ಕೆಸರು ನಿಲ್ಲದು, ಹೊಳೆಯ ಜೇಡಿ ಒಣಗಲು ದಿನಗಟ್ಟಲೆ ಬೇಕು. ಅತ್ತೆ ಗುದ್ದಲಿ ಹಿಡಿದು ನೇರ ದಿಬ್ಬಕ್ಕೆ ನಡೆದರು. ಹೆಡಿಗೆ ಹೊತ್ತು ನಾನು ಹಿಂದೆ.

ದನ ಮೇಯಿಸುತ್ತಿದ್ದ ನೆರೆಮನೆಯವಳು ಕೂಗಿದಳು: "ಹ್ವಾಯ್, ಅದ್ ಸರ್ಕಾರದ್ ಮಣ್ಣ್ ಮಾರಾಯ್ತಿ! ಹಿಡ್ಕಂಡ್ ಹೋತ್ರ್!"

"ಹೋಯ್ಲಿ. ಜೈಲಗೆ ಗಂಜಿ ಆದ್ರೂ ಸಿಕ್ಕತ್," ಅಂದರು ಅತ್ತೆ.

ಅವರು ಅಗೆದರು, ನಾನು ತುಂಬಿದೆ. ಮಂಡಿಯಾಳಕ್ಕೆ ಹೋದಾಗ ಗುದ್ದಲಿ ನಿಂತಿತು. ಕಡಿದ ಬದಿಯಲ್ಲಿ ಕೆಂಪು ಮಣ್ಣಿನ ಗುಪ್ಪೆ, ಅದಕ್ಕೊರಗಿ ಬೂದು ಜೇಡಿಯ ಗುಪ್ಪೆ, ಮತ್ತೆ ಕೆಂಪು. ಒಂದೊಂದೂ ಬೋರಲು ಹಾಕಿದ ಹೆಡಿಗೆಯಷ್ಟೇ ಇತ್ತು. ಬೂದು ಜೇಡಿ ಗುಡ್ಡೆಯ ಮೇಲೆ ಎಲ್ಲೂ ಇಲ್ಲ. ಅದು ಕೆಳಗಿನ ಹೊಳೆಯದು. ನಮ್ಮ ಕಟ್ಟವನ್ನು ಕಡಿದರೂ ಹೀಗೆಯೇ ಕಾಣುತ್ತದೆ.

"ಕಾಣ್," ಅಂದರು ಅತ್ತೆ. "ಹೊಳಿಯಿಂದ ಹೊತ್ತದ್. ಇದ್ ದಿಬ್ಬ ಅಲ್ಲ ಹೆಣ್ಣೇ, ಯಾರ್ದೋ ಕಟ್ಟ."

"ಅವ್ರೆಲ್ಲ ಸತ್ತ್ ಎಷ್ಟ್ ಕಾಲ ಆಯ್ತೋ ಅತ್ತೆ. ಭರತ ಬತ್ತಾ ಇತ್ತ್."

"ಸತ್ರೆ ಕಟ್ಟ ನಮ್ದ್ ಆತ್ತಾ?"

ತುಂಬಿದ್ದನ್ನು ಅವರು ಅಲ್ಲೇ ಸುರಿದರು. ಕೆಂಪನ್ನು ಕೆಂಪಿಗೆ, ಬೂದನ್ನು ಬೂದಿಗೆ ಸೇರಿಸಿ ಕಾಲಿನಿಂದ ತುಳಿದು ಗಟ್ಟಿ ಮಾಡಿದರು. ಆಮೇಲೆ ಮನೆಗೆ ಬಂದು, ತಾವೇ ವರ್ಷ ವರ್ಷ ಬಡಿದು ಸಾರಿಸಿದ್ದ ಜಗಲಿಯನ್ನು ಅಗೆಯತೊಡಗಿದರು.

ಕಟ್ಟದ ಬಾಯಿ ಮುಚ್ಚಲು ಅಷ್ಟು ಮಣ್ಣು ಸಾಲಲಿಲ್ಲ. ಹೊಳೆಯ ಬದಿಯ ಅರ್ಧ ಗದ್ದೆ ಕೆಂಪಾಗಿ ಒಣಗಿತು, ಇನ್ನರ್ಧ ಉಳಿಯಿತು. ಆ ಬೇಸಿಗೆ ಪೂರ್ತಿ ಬಂದವರನ್ನು ಕೂರಿಸಲು ನಮಗೆ ಜಗಲಿಯಿರಲಿಲ್ಲ. ಎಂತಾಯ್ತು ಎಂದು ಕೇಳಿದವರಿಗೆ ಅತ್ತೆ, "ಕಟ್ಟಕ್ ಹೋಯ್ತ್" ಎಂದಷ್ಟೇ ಹೇಳಿ, ಹೊಂಡದ ಅಂಚಿನಲ್ಲಿ ಚಾಪೆ ಹಾಸುತ್ತಿದ್ದರು.