ಹುಳುಮನೆಗೆ ಆಗದ ವಾಸನೆ

ಈಗ ಕಿಕ್ ಹೊಡೆಯಲು ಮಂಡಿ ಒಪ್ಪುವುದಿಲ್ಲ. ನನ್ನ ಗಾಡಿಗೆ ಕಿಕ್ಕರ್ ಎಡಗಡೆ, ಗೇರು ಬಲಗಡೆ. ಇಷ್ಟು ವರ್ಷ ಎಡಗಾಲಲ್ಲೇ ಒದ್ದು ಒದ್ದು ಆ ಮಂಡಿ ಸವೆದುಹೋಗಿದೆ. ಡಾಕ್ಟರು ಇದು ವಯಸ್ಸಿನ ಕಾಯಿಲೆ ಎನ್ನುತ್ತಾರೆ, ನನ್ನ ಹೆಂಡತಿ ಇಟಲಿ ಕಾಯಿಲೆ ಎನ್ನುತ್ತಾಳೆ. ಇಬ್ಬರ ಮಾತನ್ನೂ ಒಪ್ಪಿಕೊಂಡಿದ್ದೇನೆ. ವಾದ ಮಾಡುವಷ್ಟು ಕಸುವು ಉಳಿದಿಲ್ಲ.

ಮರಳವಾಡಿ ಹೋಬಳಿಯ ಹಳ್ಳಿಯೊಂದರಲ್ಲಿ ನಾನು ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದೆ. ಅಪ್ಪ ಕುರಿ ಸಾಕಿದವರು. ಕುರಿಹಟ್ಟಿಯಿಂದ ಬಂದವನಿಗೆ ಇಟಲಿ ಮೋಟಾರ್ ಸೈಕಲ್ಲಿನ ಹುಚ್ಚು ಎಲ್ಲಿಂದ ಅಂಟಿತು ಎಂದು ಜನ ಕೇಳುತ್ತಿದ್ದರು. ಅಂಟಿದ್ದು ಚನ್ನಪಟ್ಟಣದಲ್ಲಿ. ನಾನು ಅಲ್ಲಿ ಮೇಷ್ಟ್ರ ಟ್ರೈನಿಂಗಿನಲ್ಲಿದ್ದಾಗ, ರೇಷ್ಮೆ ನೂಲಿನ ಮಿಲ್ಲೊಂದಕ್ಕೆ ಮಿಷನ್ ಜೋಡಿಸಲು ಇಟಲಿಯವನೊಬ್ಬ ಬಂದಿದ್ದ. ಸಂಜೆ ಅವನು ಕೆಂಪು ಟ್ಯಾಂಕಿನ ಗಾಡಿಯಲ್ಲಿ ಪೇಟೆ ಬೀದಿಯಲ್ಲಿ ಹೊರಟರೆ ಬೊಂಬೆ ಮಾಡುವವರು ಕೂಡ ಲೇತು ನಿಲ್ಲಿಸಿ ನೋಡುತ್ತಿದ್ದರು. ಒಂದೇ ಸಿಲಿಂಡರಿನ ಗಾಡಿ. ಅದರ ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯುತ್ತಿತ್ತು. ಕೆಲಸ ಮುಗಿಸಿ ಅವನು ತನ್ನ ದೇಶಕ್ಕೆ ಹೊರಟಾಗ ಗಾಡಿಯನ್ನು ಮಿಲ್ಲಿನ ಗುಮಾಸ್ತರಿಗೆ ಬಿಟ್ಟುಹೋದ. ಗುಮಾಸ್ತರು ಅದರ ಜೊತೆ ಕೆಲವು ವರ್ಷ ಹೆಣಗಾಡಿ, ಕೈ ಸುಟ್ಟುಕೊಂಡು, ಕೊನೆಗೆ ನನಗೆ ಕೊಟ್ಟರು. ಕೆಲಸ ಸಿಕ್ಕಿ ಎರಡು ವರ್ಷವಾಗಿತ್ತು. ಚನ್ನಪಟ್ಟಣದಿಂದ ಊರಿಗೆ ಬರುವಷ್ಟರಲ್ಲಿ ಗಾಡಿ ನಾಲ್ಕು ಕಡೆ ನಿಂತಿತು. ನಾಲ್ಕು ಕಡೆಯೂ ನಾನು ನಗುತ್ತಲೇ ಇದ್ದೆ.

ಆಮೇಲೆ ಇನ್ನೂ ಎರಡು ಬಂದವು. ಒಂದು ಕಾಫಿ ತೋಟದ ಷೆಡ್ಡಿನಲ್ಲಿ ಕೋಳಿಗಳ ಜೊತೆ ಇತ್ತು. ಇನ್ನೊಂದು ಬೆಂಗಳೂರಿನ ಗುಜರಿಯಲ್ಲಿ ಮುಂದಿನ ಚಕ್ರವಿಲ್ಲದೆ ಬಿದ್ದಿತ್ತು. ಅವೆರಡನ್ನೂ ಬಿಚ್ಚಿ ಮೊದಲನೆಯದನ್ನು ಬದುಕಿಸಿದೆ. ನಮ್ಮ ಸೀಮೆಯಲ್ಲಿ ಆ ಗಾಡಿಯ ಒಂದು ವಾಷರೂ ಸಿಗುತ್ತಿರಲಿಲ್ಲ. ಹ್ಯಾಂಡಲ್ಲಿನ ಹಿಡಿ ಹರಿದಾಗ ಚನ್ನಪಟ್ಟಣದ ಬೊಂಬೆ ಕೆಲಸದವರೊಬ್ಬರು ಹಾಲೆ ಮರದಲ್ಲಿ ಎರಡು ಹಿಡಿ ಕಡೆದು, ಅರಗಿನ ಹಳದಿ ಬಣ್ಣ ಕೊಟ್ಟು ಕೈಗಿಟ್ಟರು. ಮಳೆಯಲ್ಲಿ ಜಾರುತ್ತಿದ್ದವು, ಆದರೂ ತೆಗೆಯಲು ಮನಸ್ಸು ಬರಲಿಲ್ಲ. ಭಾನುವಾರ ಕನಕಪುರ ದಾಟಿ ಸಂಗಮದ ಕಡೆಗೋ, ರಾಮನಗರದ ಬಂಡೆಗಳ ನಡುವೆಯೋ ಹೋಗಿ ಬಂದರೆ ವಾರವಿಡೀ ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಬೇಸರ ನೀಗುತ್ತಿತ್ತು. ನಾನು ದೇವರಿಗೆ ಅಷ್ಟು ಭಕ್ತಿಯಿಂದ ನಡೆದುಕೊಂಡವನಲ್ಲ. ಗಾಡಿಗೆ ನಡೆದುಕೊಂಡೆ.

ನಾನು ಮದುವೆಯಾದ ಕಾಲಕ್ಕೆ ನಮ್ಮ ಕಡೆ ರೇಷ್ಮೆ ಹುಚ್ಚು ಹೊಳೆಯಂತೆ ಬಂದಿತ್ತು. ರಾಗಿ ಬೆಳೆಯುತ್ತಿದ್ದ ಹೊಲಗಳೆಲ್ಲ ಹಿಪ್ಪುನೇರಳೆ ತೋಟವಾದವು. ನಡುಮನೆಯಲ್ಲಿ ಹುಳು, ಜನ ಜಗಲಿಯ ಮೇಲೆ. ನನ್ನ ಹೆಂಡತಿ ಹುಳು ಮೇಯಿಸುವುದರಲ್ಲಿ ಗಟ್ಟಿಗಿತ್ತಿ. ಮೊಟ್ಟೆಯೊಡೆದ ದಿನದಿಂದ ಗೂಡು ಬಿಡಿಸುವ ತನಕ ಸುಮಾರು ಒಂದು ತಿಂಗಳು ಅವಳು ಹುಳುಗಳ ಗಡಿಯಾರದ ಪ್ರಕಾರ ಬದುಕುತ್ತಿದ್ದಳು. ಸೊಪ್ಪು ಕೊಯ್ಯುವುದು, ಹೆಚ್ಚುವುದು, ಹಾಕುವುದು, ಹಿಕ್ಕೆ ತೆಗೆಯುವುದು, ಮತ್ತೆ ಸೊಪ್ಪು. ಮುಗಿಯಿತು ಎನ್ನುವಷ್ಟರಲ್ಲಿ ಮುಂದಿನ ಮೊಟ್ಟೆ ಬರುತ್ತಿತ್ತು.

ರೇಷ್ಮೆ ಹುಳುವಿಗೆ ವಾಸನೆ ಆಗದು. ಬೀಡಿ ಸೇದಿದವರು, ಅತ್ತರು ಹಚ್ಚಿಕೊಂಡವರು ಒಳಗೆ ಬರುವಂತಿಲ್ಲ. ನನ್ನ ಕೈಗೆ, ಬಟ್ಟೆಗೆ, ತಲೆಗೂದಲಿಗೆ ಸದಾ ಪೆಟ್ರೋಲ್ ವಾಸನೆ. ಮದುವೆಯಾದ ಮೊದಲ ಬೆಳೆಯಲ್ಲೇ ಅವಳು ನನ್ನನ್ನು ಹುಳುಮನೆಯ ಹೊಸ್ತಿಲಾಚೆ ನಿಲ್ಲಿಸಿದಳು. ನಾನು ಬೇಜಾರಾದವನಂತೆ ಮುಖ ಮಾಡಿದೆ. ಒಳಗೊಳಗೇ ಬಲು ಆರಾಮಾಯಿತು. ಬೇರೆ ಗಂಡಸರು ಸೊಪ್ಪು ಹೊತ್ತು ಬೆನ್ನು ಬಗ್ಗಿಸುವಾಗ ನಾನು ಹಿತ್ತಿಲಲ್ಲಿ ಕೂತು ಕಾರ್ಬ್ಯುರೇಟರ್ ಬಿಚ್ಚುತ್ತಿದ್ದೆ. ಯಾರಾದರೂ ಕೇಳಿದರೆ, ವಾಸನೆ ಆಗಲ್ಲವಲ್ಲ, ಏನು ಮಾಡಲಿ ಎನ್ನುತ್ತಿದ್ದೆ. ಅವಳು ಗಾಡಿ ಹತ್ತುವ ಹಾಗೂ ಇರಲಿಲ್ಲ, ವಾಸನೆ ಸೀರೆಗೆ ಅಂಟುತ್ತದೆ. ರಾಮನಗರದ ಮಾರ್ಕೆಟ್ಟಿಗೆ ಗೂಡಿನ ಮೂಟೆಯ ಜೊತೆ ಅವಳು ಬಸ್ಸಿನಲ್ಲಿ ಹೋಗುತ್ತಿದ್ದಳು, ನಾನು ಹಿಂದೆ ಗಾಡಿಯಲ್ಲಿ. ಒಂದೇ ಮನೆಯಿಂದ ಹೊರಟ ಗಂಡ ಹೆಂಡತಿ ಮಾರ್ಕೆಟ್ಟಿನ ಬಾಗಿಲಲ್ಲಿ ಭೇಟಿಯಾಗುತ್ತಿದ್ದೆವು.

ನಾನು ಮಾಡದ ಕೆಲಸವನ್ನು ಮಾಡಿದವಳು ಪಕ್ಕದ ಮನೆಯಾಕೆ. ನನ್ನ ಹೆಂಡತಿ ಆಕೆಯನ್ನು ಅಕ್ಕ ಎಂದು ಕರೆಯುತ್ತಿದ್ದಳು. ಇಬ್ಬರದೂ ಮುಯ್ಯಾಳು: ಇವಳ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಆಕೆ ಬಂದು ಆರಿಸಿ ಚಂದ್ರಿಕೆ ಎಂಬ ಬಿದಿರು ತಟ್ಟಿಗೆ ಬಿಡುವುದು, ಆಕೆಯ ಹುಳು ಹಣ್ಣಾದಾಗ ಇವಳು ಹೋಗುವುದು. ಕೆಲಸ ಮಾಡುತ್ತ ಇಬ್ಬರೂ ನಗುವುದು ಹಿತ್ತಿಲಿಗೆ ಕೇಳುತ್ತಿತ್ತು. ಅದು ಹೆಚ್ಚಾಗಿ ನನ್ನ ಮೇಲಿನ ನಗುವೇ ಆಗಿರುತ್ತಿತ್ತು. ಆಕೆಯ ಗಂಡ ಮಾತು ಕಡಿಮೆಯ ಮನುಷ್ಯ. ನಮ್ಮ ಸೊಪ್ಪಿನ ತೋಟಕ್ಕೆ ಒತ್ತಿಕೊಂಡೇ ಅವರ ಟೊಮೆಟೊ ಹೊಲವಿತ್ತು.

ಒಂದು ಸಲದ ಬೆಳೆಯಲ್ಲಿ ಹುಳು ನಾಲ್ಕನೇ ಜ್ವರ ಎದ್ದಿದ್ದವು. ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಸೊಪ್ಪು ಎಷ್ಟು ಹಾಕಿದರೂ ಸಾಲದು ಎಂದು ತಿನ್ನುವ ದಿನಗಳು. ಹೆಂಡತಿಗೆ ಜೋರು ನೆಗಡಿ. ನಾನು ಮಧ್ಯಾಹ್ನ ಬಿಸಿಲು ತಾಳದೆ ಹಿತ್ತಿಲು ಬಿಟ್ಟು, ಸೊಪ್ಪಿನ ಕೋಣೆಯ ಜಗಲಿಯಲ್ಲಿ ಕಾರ್ಬ್ಯುರೇಟರ್ ಬಿಚ್ಚಿದೆ. ಪೆಟ್ರೋಲ್ ಚೆಲ್ಲಿತು. ಕೈಗೆ ಸಿಕ್ಕಿದ ಗೋಣಿಯಿಂದ ಒರೆಸಿ, ಹಿಂಡಿ, ಇದ್ದ ಜಾಗಕ್ಕೇ ನೇತುಹಾಕಿದೆ. ಸೊಪ್ಪು ಬಾಡದಿರಲೆಂದು ಅವಳು ದಿನಾ ಒದ್ದೆ ಮಾಡಿ ಹೊದಿಸುವ ಗೋಣಿ ಅದೇ ಎಂದು ನನಗೆ ಹೊಳೆಯಲಿಲ್ಲ. ಎಂದಾದರೂ ಸೊಪ್ಪಿನ ಕೆಲಸಕ್ಕೆ ಕೈ ಹಾಕಿದ್ದರೆ ಹೊಳೆಯುತ್ತಿತ್ತು.

ನೆಗಡಿಯಾದವಳಿಗೆ ವಾಸನೆ ತಿಳಿಯಲಿಲ್ಲ. ಗೋಣಿಯನ್ನು ನೀರಿಗದ್ದಿ ಸೊಪ್ಪಿನ ಗುಡ್ಡೆಗೆ ಹೊದಿಸಿದಳು. ಸಂಜೆ ಅದೇ ಸೊಪ್ಪು ಹಾಕಿದಳು. ಬೆಳಿಗ್ಗೆ ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು, ಬಾಯಿಂದ ಹಸಿರು ನೀರು ಬರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮೇಯಿಸುವ ಬಿದಿರು ತಟ್ಟೆಗಳಲ್ಲಿ ತಟ್ಟೆಗಟ್ಟಲೆ ಹುಳು ಸತ್ತವು. ಅವಳು ಒಂದೊಂದೇ ತಟ್ಟೆ ಎಳೆದು ನೋಡಿ ಮತ್ತೆ ಒಳಗೆ ತಳ್ಳುತ್ತಿದ್ದಳು. ನಾನು ಸೊಪ್ಪಿನ ಕೋಣೆಗೆ ಹೋಗಿ ಗೋಣಿಯನ್ನು ಮೂಗಿಗೆ ಹಿಡಿದೆ. ಆಮೇಲೆ ಅದನ್ನು ಹಳ್ಳದ ಕಡೆ ತೆಗೆದುಕೊಂಡು ಹೋಗಿ ಹೂತುಬಿಟ್ಟೆ.

ರೇಷ್ಮೆ ತಿಳಿದವರೊಬ್ಬರು ಬಂದು ನೋಡಿ, ಸೊಪ್ಪಿಗೆ ಏನೋ ವಿಷ ತಗಲಿದೆ ಎಂದರು. ಎಲ್ಲರ ಕಣ್ಣೂ ಟೊಮೆಟೊ ಹೊಲದ ಕಡೆ ಹೊರಳಿತು. ಔಷಧಿ ಹೊಡೆದಾಗ ಗಾಳಿಗೆ ತೂರಿ ಪಕ್ಕದ ಸೊಪ್ಪಿನ ಮೇಲೆ ಬೀಳುವುದು ನಮ್ಮಲ್ಲಿ ಹೊಸದಲ್ಲ. ನನ್ನ ಹೆಂಡತಿ ಬೇಲಿಯ ಹತ್ತಿರ ಹೋಗಿ ಬಾಯಿಗೆ ಬಂದಂತೆ ಬೈದಳು. ಆಕೆಯೂ ಗಂಡನ ಪರ ನಿಂತು ತಿರುಗಿ ಬೈದಳು. ಅವತ್ತೇ ಮಾತು ನಿಂತಿತು, ಮುಯ್ಯಾಳೂ ನಿಂತಿತು.

ಮಾರನೆಯ ದಿನ ಆ ಮಾತು ಕಡಿಮೆಯ ಮನುಷ್ಯ ಸ್ಕೂಲಿನ ಹತ್ತಿರ ಬಂದು ನಿಂತರು.

“ಮೇಷ್ಟ್ರೇ, ಈ ವಾರ ನಾನು ಔಷಧಿ ಮಿಷನ್ನೇ ಮುಟ್ಟಿಲ್ಲ. ನಾಕು ಅಕ್ಷರ ಕಲ್ತೋರು ನೀವು. ನೀವು ಒಂದು ಮಾತು ಹೇಳುದ್ರೆ ಕೇಳ್ತಾರೆ.”

ಹೇಳಬೇಕಾಗಿದ್ದ ಮಾತು ನಾಲಿಗೆಯ ಮೇಲೇ ಇತ್ತು. ಹೇಳಿದರೆ ಗಾಡಿ ಮನೆಯಲ್ಲಿ ಉಳಿಯುವುದಿಲ್ಲ ಎಂಬುದೂ ಗೊತ್ತಿತ್ತು. ಆಗಿದ್ದು ಆಯಿತು ಬಿಡಣ್ಣ, ಯಾರಿಗೆ ಗೊತ್ತು, ಎಂದುಬಿಟ್ಟೆ. ಅವರು ತಲೆಯಾಡಿಸಿ ಹೋದರು. ಆ ಭಾನುವಾರ ನಾನು ಸಾವನದುರ್ಗದ ತನಕ ಗಾಡಿ ಓಡಿಸಿಕೊಂಡು ಹೋಗಿ ಬಂದೆ. ಇದನ್ನು ಬರೆಯಲು ನನಗೆ ಅಸಹ್ಯವಾಗುತ್ತದೆ, ಆದರೆ ಹೋಗಿ ಬಂದದ್ದು ನಿಜ.

ನಿಜ ಹೇಳುವುದಕ್ಕೆ ಮುಂದೆ ಎಷ್ಟೋ ದಿನಗಳಿದ್ದವು. ಒಂದು ಬೆಳೆ ಕಳೆಯಲಿ ಅಂದುಕೊಂಡೆ, ಈ ಕೋಪ ಆರಲಿ ಅಂದುಕೊಂಡೆ. ಹೆಂಡತಿ ಒಬ್ಬಳೇ ಹುಳು ಆರಿಸತೊಡಗಿದಳು. ಹುಳುಮನೆಯಿಂದ ನಗು ಕೇಳಿಸುವುದು ನಿಂತಿತು. ಕೆಲವು ವರ್ಷಗಳ ಮೇಲೆ ಪಕ್ಕದ ಮನೆಯಾಕೆಯ ಗಂಡ ತೀರಿಕೊಂಡರು. ನನ್ನ ಹೆಂಡತಿ ಸಾವಿಗೂ ಹೋಗಲಿಲ್ಲ, ತಿಥಿಗೂ ಹೋಗಲಿಲ್ಲ. ಪಕ್ಕದ ಮನೆಯಾಕೆ ಮನೆಗೆ ಬೀಗ ಹಾಕಿ ಮಾಗಡಿಯಲ್ಲಿದ್ದ ಮಗಳ ಮನೆಗೆ ಹೋದರು. ರೇಷ್ಮೆಯ ಜೋರೂ ಇಳಿಯಿತು. ಹಾರೋಹಳ್ಳಿಯಲ್ಲಿ ಫ್ಯಾಕ್ಟರಿಗಳಾಗಿ ಹರೆಯದವರೆಲ್ಲ ಷಿಫ್ಟ್ ಬಸ್ಸು ಹತ್ತಿದರು. ಹೆಂಡತಿಗೆ ಹುಳುಮನೆಯ ಧೂಳಿನಿಂದ ಉಬ್ಬಸ ಹಿಡಿಯಿತು, ಮೊಟ್ಟೆ ತರುವುದನ್ನು ಬಿಟ್ಟಳು. ನಾನು ರಿಟೈರಾದೆ. ಗಾಡಿಯನ್ನು ಒರೆಸುವುದು ಮಾತ್ರ ಬಿಡಲಿಲ್ಲ. ಅದರಲ್ಲಿ ಮೊದಲಿನ ಸಂತೋಷ ಇರಲಿಲ್ಲ, ಅಭ್ಯಾಸ ಇತ್ತು.

ಹೋದ ವರ್ಷ ಮಂಡಿ ಕೈಕೊಟ್ಟ ಮೇಲೆ ಮಾರಿಬಿಡೋಣ ಎನ್ನಿಸಿತು. ಹಳೆಯ ಗಾಡಿಗಳನ್ನು ಸಾಕುವವರೊಬ್ಬರು ಬೆಂಗಳೂರಿನಿಂದ ನೋಡಲು ಬಂದರು. ಗಾಡಿಯ ಸುತ್ತ ಸುತ್ತಿ, ಅದರ ಕಥೆ ಹೇಳಿ ಎಂದರು. ನಾನು ಹೇಳುತ್ತಿದ್ದೆ. ಹೆಂಡತಿ ಕಾಫಿ ಕೊಟ್ಟು ಅಲ್ಲೇ ನಿಂತಳು. ಜೀವಮಾನವೆಲ್ಲ ಆ ಗಾಡಿಯನ್ನು ಸವತಿ ಎಂದು ಹಂಗಿಸಿದವಳು, ಅದು ಹೋಗುತ್ತದೆ ಎಂದಾಗ ಅದರ ಪರ ವಹಿಸಿದಳು.

“ನಿಯತ್ತಿನ ಗಾಡಿ ಕಣಪ್ಪ. ಇದ್ರಿಂದ ಒಬ್ರಿಗೂ ಕೆಡುಕಾಗಿಲ್ಲ.”

ಬಂದವರು ಯೋಚಿಸಿ ಹೇಳುತ್ತೇನೆಂದು ಹೊರಟುಹೋದರು. ನನಗೆ ಅವರನ್ನು ಬೀಳ್ಕೊಟ್ಟದ್ದೂ ಸರಿಯಾಗಿ ನೆನಪಿಲ್ಲ. ಜಗಲಿಯ ಮೇಲೆ ಕೂತು ಹೆಂಡತಿಗೆ ಎಲ್ಲ ಹೇಳಿದೆ. ಕಾರ್ಬ್ಯುರೇಟರ್, ಗೋಣಿ, ಹಳ್ಳ, ಸ್ಕೂಲಿನ ಹತ್ತಿರ ಬಂದು ಅವರು ಕೇಳಿದ್ದು, ನಾನು ಅಂದದ್ದು. ಅಳುತ್ತಾಳೆ ಅಥವಾ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾಳೆ ಅಂದುಕೊಂಡಿದ್ದೆ. ಅವಳು ಒಳಗೆ ಹೋಗಿ ಸೀರೆ ಬದಲಾಯಿಸಿ ಬಂದಳು.

“ಅಕ್ಕ ಮಾಗಡಿಲೈತೆ. ಗಾಡಿ ತೆಗೀರಿ.”

ನಾಳೆ ಬಸ್ಸಿನಲ್ಲಿ ಹೋಗೋಣ, ಮಂಡಿ ನೋವು ಎಂದೆ. ಅವಳು ಗಾಡಿಯ ಪಕ್ಕ ಹೋಗಿ ನಿಂತಳು. ಏಳನೆಯದೋ ಎಂಟನೆಯದೋ ಕಿಕ್ಕಿಗೆ ಸ್ಟಾರ್ಟ್ ಆಯಿತು. ಮದುವೆಯಾದಂದಿನಿಂದ ಅವಳು ಆ ಗಾಡಿ ಹತ್ತಿದ್ದು ಅದೇ ಮೊದಲು. ಹಿಂದಿನ ಕಂಬಿ ಹಿಡಿದು ಕೂತಳು, ನನ್ನ ಹೆಗಲು ಮುಟ್ಟಲಿಲ್ಲ. ಕನಕಪುರ ದಾಟಿದೆವು, ರಾಮನಗರ ದಾಟಿದೆವು. ಗೂಡಿನ ಮಾರ್ಕೆಟ್ಟಿನ ಮುಂದೆ ಅವಳು ತಲೆ ತಿರುಗಿಸಿದ್ದು ಕನ್ನಡಿಯಲ್ಲಿ ಕಂಡಿತು. ಗಾಡಿ ಎಲ್ಲೂ ಕೆಮ್ಮದೆ ಓಡಿತು. ಅಂಥ ಹೊತ್ತಿನಲ್ಲೂ ಅದರ ಸದ್ದು ನನಗೆ ಹಿತವಾಗಿಯೇ ಕೇಳಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮಾಗಡಿಯ ಹೊರಗೆ ತೆಂಗಿನ ತೋಟದ ಪಕ್ಕದಲ್ಲಿ ಮಗಳ ಮನೆ. ಮಗಳು ಅಳಿಯ ಕೆಲಸಕ್ಕೆ ಹೋಗಿದ್ದರು. ಆಕೆ ಒಬ್ಬರೇ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಕಣ್ಣು ಮಂಜಾಗಿತ್ತು, ನನ್ನ ಹೆಂಡತಿಯ ದನಿಯ ಮೇಲೆ ಗುರುತು ಹಿಡಿದರು. ಕೂತ್ಕೊಳ್ಳಿ ಎಂದರು. ನಾನು ಕೂರಲಿಲ್ಲ. ನಿಂತೇ ಹೇಳಿದೆ. ಹೇಳಿ ಮುಗಿಸುವುದು ಅಷ್ಟು ಬೇಗ ಆಗಿಹೋಗುತ್ತದೆ ಎಂದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

ಆಕೆ ಕೈಯಲ್ಲಿದ್ದ ಕಾಯನ್ನು ಮೊರಕ್ಕೆ ಹಾಕಿದರು. ಆಮೇಲೆ ನನ್ನನ್ನು ಬಿಟ್ಟು ನನ್ನ ಹೆಂಡತಿಯ ಕಡೆ ತಿರುಗಿದರು.

“ಬೇಲಿತಾವ ಜಗಳ ಆಡ್ದೆ, ಸರಿ. ಮನೆ ಒಳಗೆ ನಾನೂ ಅವರ್ನ ನಂಬ್ನಿಲ್ಲ ಕಣವ್ವ. ಹೊಡ್ದು ಸುಳ್ಳು ಹೇಳ್ತಾವ್ರೆ ಅಂದ್ಕೊಂಡೆ. ಅದ್ಕೇ ನಾಚ್ಕೆ ಆಗಿ ನಿನ್ನ ಮುಖ ನೋಡ್ನಿಲ್ಲ.”

ನನ್ನ ಹೆಂಡತಿ ಹೋಗಿ ಆಕೆಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಯಜಮಾನ್ರು ಏನೂ ಅನ್ನಲಿಲ್ಲವಾ ಎಂದು ಕೇಳಿದಳು.

“ಹೊಡ್ದಿಲ್ಲ ಹೊಡ್ದಿಲ್ಲ ಅಂತ್ಲೇ ಇದ್ರು. ಆಸ್ಪತ್ರೆಲಿ ಕೊನೇ ದಿನ ನಾನೇ ಕೇಳ್ದೆ, ಈಗ್ಲಾದ್ರೂ ಒಪ್ಕೊಬುಡಿ, ನನ್ ಮನ್ಸು ಹಗುರಾಗ್ಲಿ ಅಂತ. ಒಸಿ ಹೊತ್ತು ನನ್ನನ್ನೇ ನೋಡುದ್ರು. ಆಮೇಲೆ, ಹೂಂ ಕಣೆ, ನಾನೇ ಹೊಡ್ದಿದ್ದು, ಬುಡು ಅತ್ಲಾಗೆ, ಅಂದ್ರು.”

ಆಕೆಯ ಕೈ ತನ್ನಷ್ಟಕ್ಕೆ ಅವರೆಕಾಯಿ ಬಿಡಿಸುತ್ತಿತ್ತು. ನನ್ನ ಮಗ್ಗುಲಲ್ಲೇ ಬದುಕಿದ ಒಬ್ಬ ಮನುಷ್ಯ, ಮಾಡದ ತಪ್ಪನ್ನು ಹೆಂಡತಿಯ ಸಮಾಧಾನಕ್ಕೆಂದು ಒಪ್ಪಿಕೊಂಡು ಸತ್ತಿದ್ದರು. ಮಾಡಿದ ನಾನು ಅದೇ ಹೊತ್ತಿನಲ್ಲಿ ಹಿತ್ತಿಲಲ್ಲಿ ಗಾಡಿ ಒರೆಸುತ್ತ ಕೂತಿದ್ದಿರಬೇಕು.

ಆಕೆ ನನಗೆ ಬೈಯಲಿಲ್ಲ. ಊಟ ಮಾಡಿಕೊಂಡು ಹೋಗಿ ಮೇಷ್ಟ್ರೇ ಎಂದರು. ನನ್ನ ಹೆಂಡತಿ ಮೊರವನ್ನು ತನ್ನ ಕಡೆಗೆ ಎಳೆದುಕೊಂಡು ಕಾಯಿ ಬಿಡಿಸತೊಡಗಿದಳು. ತಲೆ ಎತ್ತದೆಯೇ, ನೀವು ಹೊರಡಿ, ನಾನು ಅಕ್ಕನ ಜೊತೆ ಇರ್ತೀನಿ ಎಂದಳು. ಎಷ್ಟು ದಿನ ಎಂದು ನಾನು ಕೇಳಲಿಲ್ಲ. ಕೇಳುವ ಹಕ್ಕು ನನಗಿದೆ ಎಂದು ಅನ್ನಿಸಲಿಲ್ಲ.