ಅಕ್ಕನಿಗೆ ಏನಾಗಿತ್ತು

ಆ ಶನಿವಾರ ಸಂಜೆ ಹಾಸನದ ಬಸ್ ನಿಲ್ದಾಣದಲ್ಲಿ ಅಕ್ಕ ನನಗೆ ಸೀಟು ಹಿಡಿದಿದ್ದಳು. ಕಿಟಕಿಯಿಂದ ಕೈಚೀಲ ತೂರಿಸಿ ಸೀಟಿನ ಮೇಲೆ ಬೀಳಿಸಿ, ಆಮೇಲೆ ಬಾಗಿಲಿಗೆ ನುಗ್ಗುವುದು ಅವಳ ಪದ್ಧತಿ. ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲೆ ಹೊಳೆನರಸೀಪುರದವರೆಗೆ ಕೂತು ಹೋಗಬೇಕಾದರೆ ಬೇರೆ ದಾರಿಯಿರಲಿಲ್ಲ. ನಾವಿಬ್ಬರೂ ಒಂದೇ ಖಾಸಗಿ ಆಸ್ಪತ್ರೆಯಲ್ಲಿ ನರ್ಸುಗಳು. ಅವಳು ವಾರ್ಡಿನಲ್ಲಿದ್ದಳು. ನಾನು ವಾರ್ಡು ಬಿಟ್ಟು ಕೇಸ್ ಶೀಟ್ ಓದುವ ಕೆಲಸಕ್ಕೆ ಹೋಗಿ ಸುಮಾರು ಒಂದು ವರ್ಷವಾಗಿತ್ತು.

“ಕೂತ್ಕಳಮ್ಮಿ, ಕಾಪಿ ತಿದ್ದಿ ತಿದ್ದಿ ಸುಸ್ತಾಗಿದ್ದೀಯ,” ಎಂದಳು.

“ಸುಮ್ಕಿರಕ್ಕ, ಎಲ್ರೂ ನೋಡ್ತಾವ್ರೆ.”

“ನೋಡ್ಲಿ ಬಿಡು. ಇವತ್ತು ಯಾವ ಡಾಕ್ಟ್ರುನ ಬೆಂಚ್ ಮೇಲೆ ನಿಲ್ಲಿಸ್ದೆ?”

ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು, “ನಿನ್ ತಂಗಿ ಟೀಚರಾ ಮಗಾ?” ಎಂದು ಕೇಳಿದರು.

“ಊಂ ಕಣವ್ವ, ಬಲು ಜೋರು. ಬರೆದಿದ್ದು ಸರೀಗಿಲ್ಲ ಅಂದ್ರೆ ಬುಡಾಕಿಲ್ಲ,” ಎಂದು ಅಕ್ಕ ಮುಖ ಗಂಟಿಕ್ಕಿಕೊಂಡೇ ಹೇಳಿದಳು. ಮೊಸಳೆ ಹೊಸಹಳ್ಳಿ ಬರುವವರೆಗೂ ಆ ಅಜ್ಜಿ ತಮ್ಮ ಮೊಮ್ಮಗನ ಅಕ್ಷರ ಚೆನ್ನಾಗಿಲ್ಲವೆಂದು ನನ್ನ ಬಳಿ ದೂರು ಹೇಳಿದರು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿ ಕೂತಿದ್ದಳು.

ಇಳಿಯುವಾಗ ಎಡಭುಜ ಉಜ್ಜಿಕೊಂಡಳು. ದಪ್ಪ ಪೇಷೆಂಟೊಬ್ಬರನ್ನು ಒಬ್ಬಳೇ ಮಗ್ಗುಲು ತಿರುಗಿಸಿದ್ದಳಂತೆ. ಭುಜ, ಸೊಂಟ, ಮಂಡಿ, ಯಾವುದಾದರೊಂದು ನೋಯದ ನರ್ಸನ್ನು ನಾನು ಕಂಡಿಲ್ಲ. ಮಾರನೆಯ ದಿನ ಭಾನುವಾರ, ಅರಕಲಗೂಡಿನ ಅತ್ತೆಮನೆಗೆ ಹೋಗಿಬರುತ್ತೇನೆಂದಳು. “ಸೋಮವಾರ ಸೀಟ್ ಹಿಡಿಯೋ ಪಾಳಿ ನಿಂದು ಕಣೆ,” ಎಂದು ಹೇಳಿ ತನ್ನ ಬೀದಿಗೆ ತಿರುಗಿದಳು. ನಾನು ಅವ್ವ ಇರುವ ಮನೆಗೆ ಬಂದೆ.

ನಾನು ವಾರ್ಡು ಬಿಟ್ಟದ್ದು ಬೆನ್ನಿನ ಮೂಳೆ ಸವೆದಿದೆ ಎಂದು ಡಾಕ್ಟರು ಹೇಳಿದ ಮೇಲೆ. ಅದೇ ಸಮಯದಲ್ಲಿ ಆಸ್ಪತ್ರೆಯವರು ಹೊಸ ಕೆಲಸವೊಂದನ್ನು ತೆರೆದಿದ್ದರು. ರೋಗಿ ಇನ್ನೂ ಹಾಸಿಗೆಯಲ್ಲಿರುವಾಗಲೇ ಅವನ ಕೇಸ್ ಶೀಟ್ ಓದಬೇಕು. ರಕ್ತದ ವರದಿ ಏರುಪೇರಾಗಿದೆ, ಔಷಧಿಯನ್ನೂ ಕೊಟ್ಟಿದ್ದಾರೆ, ಆದರೆ ಕಾಯಿಲೆಯ ಹೆಸರನ್ನು ಡಾಕ್ಟರು ಎಲ್ಲೂ ಬರೆದಿಲ್ಲ. ಅಂಥದ್ದು ಕಂಡರೆ ಅವರನ್ನು ಕೇಳಿ ಬರೆಸಬೇಕು. ವಾರ್ಡಿನ ಅನುಭವ ಇಲ್ಲದವರಿಗೆ ಇದು ತಿಳಿಯುವುದಿಲ್ಲವೆಂದು ನರ್ಸುಗಳನ್ನೇ ಕರೆದರು. ಅಕ್ಕನನ್ನೂ ಕರೆದಿದ್ದರು. “ಪೇಷೆಂಟ್ ಮುಖ ನೋಡ್ದೆ ಬರೀ ಪೇಪರ್ ನೋಡ್ಕಂಡು ಕೂರಾಕೆ ನನ್ ಕೈಲಾಗಕಿಲ್ಲ,” ಎಂದುಬಿಟ್ಟಳು.

ತರಬೇತಿ ಕೊಟ್ಟ ಮೇಡಂ ಎರಡು ಮಾತುಗಳನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಮೊದಲನೆಯದು, ಕೇಳುವಾಗ ಉತ್ತರವನ್ನು ನೀವೇ ಡಾಕ್ಟರ ಬಾಯಿಗೆ ಹಾಕಬಾರದು. ‘ಇದು ನ್ಯುಮೋನಿಯಾ ಅಲ್ಲವೇ ಡಾಕ್ಟರ್?’ ಎಂದು ಕೇಳಿದರೆ, ಹತ್ತು ಕೆಲಸದ ನಡುವೆ ಅವರು ಹೌದು ಎಂದು ಬರೆದುಬಿಡುತ್ತಾರೆ. ಆಗ ಅದು ಅವರ ಅಭಿಪ್ರಾಯವಲ್ಲ, ನಿಮ್ಮದು. ಕಂಡದ್ದನ್ನು ಮುಂದಿಟ್ಟು, ‘ನಿಮ್ಮ ಅಭಿಪ್ರಾಯ ಬರೆಯಿರಿ’ ಎಂದಷ್ಟೇ ಕೇಳಬೇಕು. ಎರಡನೆಯದು ಸಾವಿನ ವಿಷಯ. ‘ಕಾರ್ಡಿಯಾಕ್ ಅರೆಸ್ಟ್’ ಎಂದರೆ ಹೃದಯ ನಿಂತಿತು ಎಂದು. ಸತ್ತವರೆಲ್ಲರ ಹೃದಯವೂ ನಿಂತಿರುತ್ತದೆ. ಯಾತರಿಂದ ನಿಂತಿತು ಎಂಬುದು ಕಾರಣ. ಅದನ್ನು ಬರೆಸದೆ ಕೇಸ್ ಶೀಟನ್ನು ಮುಚ್ಚುವ ಹಾಗಿಲ್ಲ.

ಆ ಭಾನುವಾರ ಮಧ್ಯಾಹ್ನ ಬಾವ ಫೋನ್ ಮಾಡಿದರು. ಊಟಕ್ಕೆ ಎಲೆ ಹಾಕುತ್ತಿದ್ದ ಅಕ್ಕ ಹಾಗೇ ಕುಸಿದಳಂತೆ. ಅರಕಲಗೂಡಿನ ಸಣ್ಣ ನರ್ಸಿಂಗ್ ಹೋಮ್ ಒಂದಕ್ಕೆ ಕರೆದುಕೊಂಡು ಹೋಗಿದ್ದರು. ನಾನೂ ಅವ್ವನೂ ತಲುಪುವ ಹೊತ್ತಿಗೆ ಅವಳನ್ನು ಮನೆಗೆ ತಂದು ಜಗಲಿಯ ಮೇಲೆ ಮಲಗಿಸಿದ್ದರು. ಹಣೆಗೆ ಅರಿಶಿನ ಹಚ್ಚಿದ್ದರು. ನಾನು ಅವಳ ಮಣಿಕಟ್ಟು ಹಿಡಿದು ನಾಡಿ ನೋಡಿದೆ. ಯಾರೋ ನನ್ನ ಕೈ ಬಿಡಿಸಿದರು. ಸಂಜೆ ಅವರ ಹೊಲದಲ್ಲೇ ಮಣ್ಣು ಮಾಡಿದರು.

ಸಮಾಧಿಗೆ ಹಾಲುತುಪ್ಪ ಬಿಟ್ಟ ದಿನ ಬಾವ ಡಾಕ್ಟರು ಕೊಟ್ಟ ಚೀಟಿಯನ್ನು ನನ್ನ ಕೈಗಿಟ್ಟರು. ಕಾರಣವನ್ನು ಬರೆಯುವ ಕಡೆ ‘ಕಾರ್ಡಿಯಾಕ್ ಅರೆಸ್ಟ್’ ಎಂದಿತ್ತು. ಅದರ ಕೆಳಗಿನ ಸಾಲು ಖಾಲಿ. ಮಡಿಸಿ ಅವರಿಗೇ ಹಿಂತಿರುಗಿಸಿದೆ. ನಾನು ದಿನವೂ ಡಾಕ್ಟರುಗಳಿಗೆ ಹಿಂತಿರುಗಿಸುವುದು ಅಂಥ ಖಾಲಿ ಸಾಲುಗಳನ್ನೇ. ಆದರೆ ಅಲ್ಲಿ ಯಾರ ಬಳಿ ಏನು ಕೇಳುವುದು? ಬಾವ ನೆಲ ನೋಡಿಕೊಂಡು ಕೂತಿದ್ದರು.

ಒಂದಷ್ಟು ತಿಂಗಳು ನಾನೂ ಕೇಳಲಿಲ್ಲ. ಕೇಳುವಂತೆ ಮಾಡಿದ್ದು ಅಕ್ಕನ ಮಗಳು. ಅವಳು ಚನ್ನರಾಯಪಟ್ಟಣದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಹಾಸ್ಟೆಲಿನಲ್ಲಿ ಎರಡು ಸಲ ತಲೆಸುತ್ತು ಬಂದು ಕೂತುಬಿಟ್ಟಿದ್ದಳಂತೆ. ತೋರಿಸಲು ಹೋದಾಗ ಡಾಕ್ಟರು ತಾಯಿಯ ಬಗ್ಗೆ ವಿಚಾರಿಸಿದ್ದಾರೆ.

“ಹಾರ್ಟ್ ನಿಂತೋಯ್ತು ಅಂದೆ ಚಿಕ್ಕಮ್ಮ,” ಎಂದು ಫೋನಿನಲ್ಲಿ ಹೇಳಿದಳು. “ಅದು ಸರಿ, ಯಾಕ್ ನಿಂತಿದ್ದು ಅಂತ ಕೇಳುದ್ರು. ನಂಗೇನೂ ಹೇಳಾಕೇ ಆಗ್ಲಿಲ್ಲ.”

“ಈಗ ಎಂಗಿದ್ದೀಯ?”

“ಚೆನ್ನಾಗಿವ್ನಿ. ಇಸಿಜಿ ಸರಿಗೈತಂತೆ, ಎಕೋ ಸ್ಕ್ಯಾನೂ ಮಾಡ್ಬುಡಾಣ ಅಂದವ್ರೆ.” ಆಮೇಲೆ, “ನಂಗೂ ಅಮ್ಮನ್ ತರ ಆಯ್ತದಾ?” ಎಂದಳು.

ವಾರ್ಡಿನಲ್ಲಿದ್ದಾಗ ಎಷ್ಟೋ ಜನರಿಗೆ ‘ಏನಾಗಲ್ಲ, ಮಲಕ್ಕೊ’ ಎಂದು ಹೇಳಿದವಳು ನಾನು. ಅವಳಿಗೆ ಹಾಗೆ ಹೇಳದೆ, ‘ಆ ಡಾಕ್ಟ್ರುನ ಕೇಳ್ಕಂಡು ಬತ್ತೀನಿ’ ಎಂದೆ.

ಅದಾದ ಮೊದಲ ರಜೆಯಲ್ಲಿ ಅರಕಲಗೂಡಿಗೆ ಹೋದೆ. ಬಸ್ಸಿನಲ್ಲಿ ಕೂತು ಪ್ರಶ್ನೆಯನ್ನು ಮನಸ್ಸಿನಲ್ಲೇ ಬರೆದು ತಿದ್ದಿಕೊಂಡೆ. ನೀವು ಕಂಡದ್ದೇನು, ಮಾಡಿದ್ದೇನು, ನಿಮ್ಮ ಅಭಿಪ್ರಾಯದಲ್ಲಿ ಕಾರಣವೇನಿರಬಹುದು. ಇಷ್ಟೇ.

ಆ ನರ್ಸಿಂಗ್ ಹೋಮಿನ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಹೊರಗೆ ಜನ ಕಾಯುತ್ತಿದ್ದರೂ ಬಾಗಿಲು ಮುಂದೆ ಮಾಡಿ ನನ್ನನ್ನು ಕೂರಿಸಿದರು. ಅಕ್ಕ ಅವರಿಗೆ ನೆನಪಿದ್ದಳು. ಮಗಳ ತಲೆಸುತ್ತಿನ ವಿಷಯ ಹೇಳಿ, ಬಸ್ಸಿನಲ್ಲಿ ತಿದ್ದಿಕೊಂಡ ಪ್ರಶ್ನೆ ಕೇಳಿದೆ.

“ಬಂದಾಗ ಉಸಿರು ಒಂದೊಂದೇ ಎಳೀತಿದ್ರು ಸಿಸ್ಟರ್. ಪಲ್ಸ್ ಸಿಗಲಿಲ್ಲ. ಎದೆ ಒತ್ತೋಕೆ ಶುರು ಮಾಡ್ದೆ. ಇಸಿಜಿ ಹಾಕೋ ಹೊತ್ತಿಗೆ ಗೆರೆ ನೆಟ್ಟಗಿತ್ತು. ಪೋಸ್ಟ್‌ಮಾರ್ಟಂ ಮಾಡಿಸಿದ್ರೆ ಗೊತ್ತಾಗ್ತಿತ್ತು. ನಾನು ಹೇಳಿದೆ ಕೂಡ. ಅವರತ್ತೆ ನನ್ನ ಕಾಲೇ ಹಿಡ್ಕಂಡ್ರು, ಸೊಸೆ ಮೈ ಕುಯ್ಯಬ್ಯಾಡಿ ಅಂತ. ನಿಮ್ ಬಾವನೂ ಬೇಡ ಅಂದ್ರು.”

ಆ ಹೊತ್ತಿನಲ್ಲಿ ಅಲ್ಲಿದ್ದಿದ್ದರೆ ನಾನು ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಅತ್ತೆಯ ಮೇಲಾಗಲಿ ಬಾವನ ಮೇಲಾಗಲಿ ಸಿಟ್ಟು ಬರಲಿಲ್ಲ.

“ಮುಂಚೆ ಏನಾದ್ರೂ ತೊಂದ್ರೆ ಹೇಳ್ತಿದ್ರಾ?” ಎಂದು ಡಾಕ್ಟರು ಕೇಳಿದರು.

“ಹಿಂದಿನ ದಿನ ಎಡಭುಜ ನೋವು ಅಂತಿದ್ಲು ಸಾ,” ಎಂದೆ.

ಅವರ ಮುಖ ಹಗುರಾಯಿತು. “ನೋಡಿ ಮತ್ತೆ! ಹಂಗಾದ್ರೆ ಹಾರ್ಟ್ ಅಟ್ಯಾಕೇ ಇರ್ಬೇಕು. ನೀವೂ ನರ್ಸು, ನಿಮಗೇ ಗೊತ್ತಾಗುತ್ತಲ್ಲ. ಬೇಕಿದ್ರೆ ಹಂಗೇ ಒಂದು ಸರ್ಟಿಫಿಕೇಟ್ ಬರೆದುಕೊಡ್ತೀನಿ, ಮಗಳ ಡಾಕ್ಟರಿಗೆ ತೋರ್ಸೋಕೆ ಆಗುತ್ತೆ.”

ಪೆನ್ನಿನ ಮುಚ್ಚಳ ತೆಗೆದಿದ್ದರು. ನನಗೆ ಬೇಕಾಗಿದ್ದ ಮಾತು ಅದೇ. ಎರಡು ಪದ ಬರೆಸಿಕೊಂಡು ಚನ್ನರಾಯಪಟ್ಟಣದ ಬಸ್ಸು ಹತ್ತಬಹುದಿತ್ತು. ಆದರೆ ಅವರು ಬರೆಯಲು ಹೊರಟದ್ದು ಅವರು ಕಂಡದ್ದಲ್ಲ, ನಾನು ಆಗಷ್ಟೇ ಅವರ ಬಾಯಿಗೆ ಹಾಕಿದ್ದು. ಪೇಷೆಂಟನ್ನು ಎತ್ತಿ ತಿರುಗಿಸಿದ್ದರಿಂದ ನೋವು ಬಂತೆಂದು ಅಕ್ಕ ಹೇಳಿದ್ದಳು. ಆ ಅರ್ಧವನ್ನು ನಾನು ನುಂಗಿಕೊಂಡಿದ್ದೆ.

ಅದನ್ನೂ ಹೇಳಿದೆ. ಅವರ ಪೆನ್ನು ನಿಂತಿತು.

“ಭುಜದ ಮಾತು ಬಿಟ್ಬುಡಿ ಸಾ. ನೀವು ಕಂಡಿದ್ದರಲ್ಲಿ ಹೇಳಿ,” ಎಂದೆ.

ಅವರು ಪೆನ್ನಿಗೆ ಮುಚ್ಚಳ ಹಾಕಿದರು. “ಅಟ್ಯಾಕ್ ಇರಬಹುದು. ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರಬಹುದು. ಮಿದುಳಲ್ಲಿ ರಕ್ತನಾಳ ಒಡೆದಿರಬಹುದು. ನನಗೆ ಗೊತ್ತಿಲ್ಲ ಸಿಸ್ಟರ್. ನಿಜವಾಗ್ಲೂ ಗೊತ್ತಿಲ್ಲ.”

ಏಳುವಾಗ ಅವರಿಗೆ ಕೈಮುಗಿದೆ. ಅವರೂ ಎದ್ದು ನಿಂತರು. ಬಾಗಿಲವರೆಗೂ ಬಂದು, “ಮಗಳಿಗೆ ಎಕೋ ತಪ್ಪದೆ ಮಾಡಿಸಿ,” ಎಂದರು.

ಮಾಡಿಸಿದೆವು. ಸರಿಯಿದೆ ಎಂದರು. ವರ್ಷಕ್ಕೊಮ್ಮೆ ತೋರಿಸುತ್ತಿರಿ ಎಂದೂ ಹೇಳಿದರು. ಅಲ್ಲಿನ ಡಾಕ್ಟರು ತಾಯಿಯ ವಿಷಯ ಕೇಳಿದಾಗ ಹುಡುಗಿ ನನ್ನ ಮುಖ ನೋಡಿದಳು. ಇದ್ದಕ್ಕಿದ್ದಂತೆ ಕುಸಿದು ತೀರಿಕೊಂಡಳು, ಶವಪರೀಕ್ಷೆ ಆಗಿಲ್ಲ, ಕಾರಣ ತಿಳಿದಿಲ್ಲ ಎಂದು ನಾನೇ ಹೇಳಿದೆ. ಡಾಕ್ಟರು ಹಾಗೆಯೇ ಬರೆದುಕೊಂಡರು.

ಹೊರಗೆ ಬಂದ ಮೇಲೆ ಹುಡುಗಿ ಬಸ್ ನಿಲ್ದಾಣದವರೆಗೂ ನನ್ನ ಕೈ ಹಿಡಿದುಕೊಂಡು ನಡೆದಳು. ಬಸ್ಸು ಬಂದಾಗ ನನ್ನ ಕೈಚೀಲವನ್ನು ತಾನೇ ಕಿಟಕಿಯಿಂದ ತೂರಿಸಿ ನನಗೆ ಸೀಟು ಹಿಡಿದಳು.