ನಾಯಿಗಳಿಗೆ ಸ್ವಾಗತವಿದ್ದ ಮನೆ

ಸಮುದ್ರದಂಚಿನ ಆ ಮನೆಯನ್ನು ಯಾರಾದರೂ ನನ್ನ ಮುಂದೆ ಹೊಗಳಿದರೆ ಈಗಲೂ ಮೈ ಉರಿಯುತ್ತದೆ. ಹೊಗಳುವವರೇನೂ ಕಡಿಮೆಯಿಲ್ಲ. ಗದ್ದಲವಿಲ್ಲ, ಅಕ್ಕಪಕ್ಕದಲ್ಲಿ ಒಂದು ಮನೆಯಿಲ್ಲ, ರಸ್ತೆ ಕೂಡ ಅಲ್ಲಿಯವರೆಗೆ ಹೋಗುವುದಿಲ್ಲ, ಬಂಡೆಗಳ ಮಗ್ಗುಲಿನ ಕಾಲುದಾರಿಯಲ್ಲಿ ನಡೆದೇ ಸೇರಬೇಕು, ಕಿಟಕಿ ತೆರೆದರೆ ನೀರು ಬಿಟ್ಟು ಬೇರೇನೂ ಕಾಣದು, ಎಲ್ಲಕ್ಕಿಂತ ಹೆಚ್ಚಾಗಿ ನಾಯಿಯನ್ನೂ ಜೊತೆಗೆ ಕರೆದೊಯ್ಯಬಹುದು ಎನ್ನುತ್ತಾರೆ. ಎಲ್ಲವೂ ನಿಜ. ಆ ಮನೆಯನ್ನು ಹಾಗೆ ಕಾಪಾಡಿದವಳು ನನ್ನ ದೊಡ್ಡಮ್ಮ, ಅಮ್ಮನ ಅಕ್ಕ. ಅವಳ ನಾಯಿಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ.

ಹಿಂದೊಂದು ಕಾಲದಲ್ಲಿ ಬರುವ ಹೋಗುವ ಹಡಗುಗಳಿಗೆ ಬಾವುಟ ಏರಿಸಿ ಸನ್ನೆ ಮಾಡುವವರು ಅಲ್ಲಿ ಇದ್ದರಂತೆ. ಅದಕ್ಕೇ ನಮ್ಮ ಕಡೆಯವರು ಅದನ್ನು ಬಾವುಟದ ಮನೆ ಎನ್ನುತ್ತಿದ್ದರು. ಮೊಳದಷ್ಟು ದಪ್ಪದ ಗೋಡೆ, ತಲೆ ತಗ್ಗಿಸದಿದ್ದರೆ ಹಣೆಗೆ ಬಡಿಯುವ ಬಾಗಿಲು, ಮುಂದೆ ಕಲ್ಲಿನ ಜಗಲಿ. ಪೇಟೆಯ ಯಜಮಾನರೊಬ್ಬರು ಅದನ್ನು ಕೊಂಡು, ಸುಣ್ಣ ಬಳಿಸಿ, ಗೋಡೆಗೆ ಹಿತ್ತಾಳೆಯ ಫಲಕ ಹೊಡೆಸಿ, ‘ಐತಿಹಾಸಿಕ ಕುಟೀರ’ ಎಂದು ಬಾಡಿಗೆಗೆ ಬಿಡತೊಡಗಿದರು. ಅಂದಿನಿಂದ ಅಲ್ಲಿ ಏನು ಕೆಟ್ಟರೂ ಅದು ಇತಿಹಾಸವಾಯಿತು. ಸೂರು ಸೋರಿದರೆ ಐತಿಹಾಸಿಕ ಸೂರು, ಕದ ಹಾಕಲು ಬಾರದಿದ್ದರೆ ಐತಿಹಾಸಿಕ ಕದ. ಅತಿಥಿಗಳಿಗೆ ಇತಿಹಾಸ ಸಿಗುತ್ತಿತ್ತು, ಸೋರಿದ ನೀರು ಒರೆಸುವ ಕೆಲಸ ದೊಡ್ಡಮ್ಮನಿಗೆ.

ದೊಡ್ಡಮ್ಮನ ಬದುಕೆಲ್ಲ ಬೇರೆಯವರ ಹಾಸಿಗೆಯಲ್ಲೇ ಕಳೆಯಿತು ಎಂದರೆ ತಪ್ಪು ತಿಳಿಯಬೇಡಿ. ಮದುವೆಗೆ ಮೊದಲು ಒಂದು ದೊಡ್ಡ ಲಾಡ್ಜಿನಲ್ಲಿ ಬೆಡ್‌ಶೀಟ್ ಇಸ್ತ್ರಿ ಮಾಡುತ್ತಿದ್ದಳು. ಮದುವೆಯಾದ ಮೇಲೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆ. ದೊಡ್ಡಪ್ಪ ದೋಣಿಗಳಿಗೆ ಬಣ್ಣ ಬಳಿಯುತ್ತಿದ್ದವರು, ಬಣ್ಣದ ಘಾಟು ಕುಡಿದೂ ಕುಡಿದೂ ಎದೆ ಕೆಟ್ಟು ಹೋಗಿಬಿಟ್ಟರು. ಮಕ್ಕಳಿಲ್ಲ. ಆಮೇಲೆ ಈ ಬಾವುಟದ ಮನೆ. ಬೀಗದ ಕೈಗಳ ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದರಿಂದ ನಮ್ಮ ಅಮ್ಮ ಅವಳನ್ನು ‘ಕುಟೀರದ ಮಹಾರಾಣಿ’ ಎಂದು ಛೇಡಿಸುತ್ತಿದ್ದಳು. ಮಹಾರಾಣಿ ಹಿಂಬಾಗಿಲಿನಿಂದ ಒಳಗೆ ಹೋಗಿ ಹಿಂಬಾಗಿಲಿನಿಂದ ಹೊರಗೆ ಬರುತ್ತಿದ್ದಳು. ಜಗಲಿಯ ಬೆತ್ತದ ಕುರ್ಚಿಗಳನ್ನು ಇಷ್ಟು ವರ್ಷ ಒರೆಸಿದವಳು ಒಂದು ದಿನವೂ ಅವುಗಳಲ್ಲಿ ಕೂತಿರಲಿಲ್ಲ.

ಅವಳ ನಾಯಿಯ ಹೆಸರು ಬೂದ. ಬೂದಿ ಬಣ್ಣದ್ದು, ಅದಕ್ಕೇ ಬೂದ. ಆ ಮನೆಯ ಹಿಂದಿನ ಮೆಟ್ಟಿಲ ಸಂದಿಯಲ್ಲೇ ಮರಿಯಾಗಿ ಸಿಕ್ಕಿದ್ದು. ಅಂದರೆ ಲೆಕ್ಕಕ್ಕೆ ಆ ಮನೆಯಲ್ಲಿ ಹುಟ್ಟಿದ ನಾಯಿ ಅದೊಂದೇ. ಇರಲಿ, ಆದರೆ ಒಳಗೆ ಬರಕೂಡದು ಎಂದು ಯಜಮಾನರು ಅವತ್ತೇ ಹೇಳಿದ್ದರು. ಬೂದ ಹೊರಗೇ ಇದ್ದ. ದೊಡ್ಡಮ್ಮ ಒಳಗೆ ಅತಿಥಿಗಳ ನಾಯಿಗಳಿಗೆ ಮೆತ್ತನೆ ಹಾಸಿಗೆ ಕೊಡವಿ, ಬಟ್ಟಲು ತೊಳೆದು, ಅವಕ್ಕೆಂದೇ ಇಟ್ಟ ಟವೆಲ್ ಮಡಚುವಾಗ, ಅವನು ಹೊಸಿಲಿನ ಆಚೆ ಕೂತು ನೋಡುತ್ತಿದ್ದ. ಆ ಟವೆಲ್‌ನಷ್ಟು ಮೃದುವಾದದ್ದು ದೊಡ್ಡಮ್ಮನ ಮನೆಯಲ್ಲಿ ಒಂದೂ ಇರಲಿಲ್ಲ.

ಈಗ ಬೂದನಿಗೆ ವಯಸ್ಸಾಗಿತ್ತು. ಕಣ್ಣು ಮಂಜಾಗಿತ್ತು. ದೊಡ್ಡಮ್ಮ ಕಣ್ಮರೆಯಾದರೆ ಊಳಿಡುತ್ತಿದ್ದ. ಅವಳ ಬಾಡಿಗೆ ಕೋಣೆಯ ವಠಾರದವರು, ಇದನ್ನು ಒಂಟಿಯಾಗಿ ಬಿಟ್ಟು ಹೋದರೆ ನಾಯಿ ಹಿಡಿಯುವವರನ್ನು ಕರೆಸುತ್ತೇವೆ ಎಂದು ಖಂಡಿತವಾಗಿ ಹೇಳಿದ್ದರು. ಹಾಗಾಗಿ ಕೆಲಸಕ್ಕೆ ಹೋಗುವಾಗೆಲ್ಲ ಕರೆದೊಯ್ಯಲೇಬೇಕು. ಅವನು ಅಲ್ಲಿಗೆ ಹೋಗುವ ಹಾಗಿದ್ದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ.

ಹೀಗಿರುವಾಗ ಒಬ್ಬ ಮಹಾತಾಯಿ ತನ್ನ ಬಿಳಿ ನಾಯಿಮರಿಯ ಜೊತೆ ಬಂದು ತಂಗಿದಳು. ಆ ಮರಿ ಸೋಫಾದ ದಿಂಬುಗಳನ್ನೆಲ್ಲ ಹರಿದು ಹತ್ತಿಯನ್ನು ಮನೆ ತುಂಬ ಹಾರಿಸಿತು. ಆಕೆ ಹೋಗುವಾಗ ಯಜಮಾನರಿಗೆ ಬರೆದದ್ದೇನು ಗೊತ್ತೇ? ಅಂಗಳದಲ್ಲಿ ಒಂದು ಬೀದಿನಾಯಿ ಕೂತಿತ್ತು, ಅದನ್ನು ನೋಡಿ ನಮ್ಮ ಕಂದನಿಗೆ ಗಾಬರಿಯಾಗಿ ಹೀಗಾಯಿತು, ಎಂದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಯಜಮಾನರು ದೊಡ್ಡಮ್ಮನಿಗೆ ಫೋನ್ ಮಾಡಿದರು. ಅವರದು ಬೆಣ್ಣೆಯಿಂದ ಕೂದಲು ತೆಗೆದಂಥ ಮಾತು, ಕೂಗಾಡುವವರಲ್ಲ.

“ನೋಡಿಮ್ಮ, ನಂಗೇನೂ ಬೇಜಾರಿಲ್ಲ. ಆದ್ರೆ ಇನ್ಮೇಲೆ ಅದನ್ನ ಅಂಗಳಕ್ಕೂ ಕರ್ಕೊಂಡ್ ಬರ್ಬೇಡಿ. ಕಷ್ಟ ಆದ್ರೆ ಹೇಳಿ, ನಾನು ಬೇರೆಯವರನ್ನ ನೋಡ್ಕೋತೀನಿ.”

ಇದನ್ನು ದೊಡ್ಡಮ್ಮ ನಮ್ಮ ಅಡುಗೆಮನೆಯಲ್ಲಿ ಕೂತು ಹೇಳಿದಳು. ಅವಳ ಮುಖದಲ್ಲಿ ಸಿಟ್ಟೇ ಇರಲಿಲ್ಲ, ಅದೇ ನನಗೆ ಸಿಟ್ಟು ತರಿಸಿತು.

“ಏನು ಮಾಡೋದು ಮಗಳೇ, ಅವರ ಮನೆ, ಅವರ ಮಾತು,” ಎಂದಳು. “ಬೂದನ್ನ ಯಾರಿಗಾದ್ರೂ ಕೊಡ್ಬೇಕು. ಈ ವಯಸ್ಸಿನ ನಾಯೀನ ಯಾರು ತಗೋತಾರೆ?”

ನಾನು ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುವವಳು. ದಿನವಿಡೀ ಕಿಂಡಿಯಾಚೆಯಿಂದ ಜನ ಬೈಯುವುದನ್ನು ಕೇಳಿ ಕೇಳಿ ನನ್ನ ತಾಳ್ಮೆ ಮನೆಗೆ ಬರುವ ಹೊತ್ತಿಗೆ ಮುಗಿದಿರುತ್ತದೆ. ಅವತ್ತು ಏನನ್ನಿಸಿತೋ, ಫೋನ್ ತೆಗೆದು ಆ ಕುಟೀರವನ್ನೇ ಬುಕ್ ಮಾಡಿದೆ. ನನ್ನ ಹೆಸರಿನಲ್ಲಿ, ಶನಿವಾರದ ರಾತ್ರಿಗೆ, ಇಬ್ಬರು ಹೆಂಗಸರು ಮತ್ತು ಒಂದು ನಾಯಿ. ‘ನಾಯಿಗೆ ವಯಸ್ಸಾಗಿದೆ, ಕಣ್ಣು ಕಾಣಿಸದು, ಪ್ರೀತಿಯಿಂದ ನೋಡಿಕೊಳ್ಳಬೇಕು’ ಎಂದೂ ಸೇರಿಸಿದೆ. ಯಜಮಾನರ ಉತ್ತರ ತಕ್ಷಣ ಬಂತು. ‘ನಮ್ಮಲ್ಲಿ ನಾಯಿಗಳೆಂದರೆ ಮನೆಮಕ್ಕಳ ಹಾಗೆ. ಖಂಡಿತ ಬನ್ನಿ.’

ದೊಡ್ಡಮ್ಮ ನನ್ನ ತಲೆಗೊಂದು ಮೊಟಕಿದಳು. “ನಿಂಗೇನು ದುಡ್ಡು ಹೆಚ್ಚಾಗಿದ್ಯಾ? ಸುಮ್ನೆ ಇರಲಾರದೆ ಇರುವೆ ಬಿಟ್ಕೊಂಡ್ರಂತೆ. ರದ್ದು ಮಾಡು ಅದನ್ನ.”

ಅಷ್ಟರಲ್ಲಿ ಅವಳ ಫೋನ್ ಸದ್ದು ಮಾಡಿತು. ಅದೇ ಯಜಮಾನರ ಸಂದೇಶ, ಈ ಸಲ ಕೆಲಸದವಳಿಗೆ. ನಾನೇ ಓದಿ ಹೇಳಿದೆ. ‘ಶನಿವಾರ ವಿಶೇಷ ಅತಿಥಿಗಳು ಬರುತ್ತಿದ್ದಾರೆ. ಅವರ ನಾಯಿಗೆ ವಯಸ್ಸಾಗಿದೆ. ದಪ್ಪ ಹಾಸಿಗೆ ಹಾಕಿ, ಹೊಸ ಬಟ್ಟಲು ಇಡಿ. ನಿಮ್ಮ ನಾಯಿ ಆ ಕಡೆ ಸುಳಿಯದ ಹಾಗೆ ನೋಡಿಕೊಳ್ಳಿ.’

ದೊಡ್ಡಮ್ಮ ಇನ್ನೊಮ್ಮೆ ಓದಿಸಿದಳು. ಅವಳ ಮೂಗಿನ ತುದಿ ಕೆಂಪಾದದ್ದನ್ನು ಅವತ್ತೇ ನಾನು ನೋಡಿದ್ದು.

“ಆಯ್ತು,” ಎಂದಳು. “ಹೋಗೋಣ.”

ಶುಕ್ರವಾರ ಅವಳು ಹೋಗಿ ತನಗಾಗಿ ತಾನೇ ಮನೆ ಸಜ್ಜು ಮಾಡಿದಳು. ಬೂದನನ್ನು ಮನೆಯಲ್ಲಿ ಹಿಡಿದುಕೊಂಡು ಕೂರಲು ನಾನು ಕೆಲಸಕ್ಕೆ ರಜೆ ಹಾಕಿದೆ. ಸಾಯಂಕಾಲ ಬಂದವಳ ಕೈ ಹಿತ್ತಾಳೆ ಉಜ್ಜಿ ಹಸಿರಾಗಿತ್ತು. ನಮಗೇ ತಾನೇ, ಇಷ್ಟು ಉಜ್ಜಬೇಕಿತ್ತಾ ಎಂದರೆ, “ಯಾರಿಗಾದ್ರೂ ಉಜ್ಜೋದು ಉಜ್ಜೋದೇ,” ಎಂದಳು.

ಶನಿವಾರ ಮಧ್ಯಾಹ್ನ ಮೂವರೂ ಹೊರಟೆವು. ದೊಡ್ಡಮ್ಮ ಅಮ್ಮನ ಹಸಿರು ಸೀರೆ ಉಟ್ಟಿದ್ದಳು. ಬೂದ ಕಾಲುದಾರಿಯಲ್ಲಿ ಮೂಗು ನೆಲಕ್ಕೆ ಹಚ್ಚಿ ಮುಂದೆ ಮುಂದೆ ನಡೆದ, ಕಣ್ಣಿಲ್ಲದಿದ್ದರೂ ಒಂದು ಕಲ್ಲನ್ನೂ ಎಡವಲಿಲ್ಲ. ಎಡಗಡೆ ಅಲೆಗಳು ಬಂಡೆಗೆ ಬಡಿದು ಹನಿ ನಮ್ಮ ಮೇಲೆ ಬೀಳುತ್ತಿತ್ತು. ಮನೆ ಹತ್ತಿರವಾದ ಹಾಗೆ ದೊಡ್ಡಮ್ಮ ಬೀಗದ ಕೈಗಳನ್ನು ಕೈಗೆ ತೆಗೆದುಕೊಂಡಳು. ಅಭ್ಯಾಸಬಲದಿಂದ ಹಿಂಬಾಗಿಲಿನ ಕಡೆ ತಿರುಗಿದವಳನ್ನು ನಾನು ರಟ್ಟೆ ಹಿಡಿದು ಮುಂದಕ್ಕೆ ತಂದೆ. ಮುಂಬಾಗಿಲ ಬೀಗ ತೆಗೆದು, ತಲೆ ತಗ್ಗಿಸಿ ಒಳಗೆ ಹೋದಳು. ತಗ್ಗಿಸದೆ ಹೋದ ನನಗೆ ಇತಿಹಾಸ ಹಣೆಗೆ ಬಡಿಯಿತು. ಅವಳು ನಕ್ಕಳು. ಆ ಮನೆಯೊಳಗೆ ಅವಳು ಜೋರಾಗಿ ನಕ್ಕದ್ದು ಅದೇ ಮೊದಲಿರಬೇಕು.

ಬೂದ ಒಳಗೆ ಬರಲಿಲ್ಲ.

ಹೊಸಿಲಿನ ಆಚೆ ಎಂದಿನ ಹಾಗೇ ಕೂತಿದ್ದ. ದೊಡ್ಡಮ್ಮ ಕರೆದಳು. ಬಾಲ ಆಡಿಸಿದ, ಏಳಲಿಲ್ಲ. ಬಿಸ್ಕತ್ತು ತೋರಿಸಿದೆವು. ಮೂಗು ಅರಳಿಸಿದ, ಜೊಲ್ಲು ಸುರಿಸಿದ, ಕುತ್ತಿಗೆಯನ್ನು ಮಾತ್ರ ಹೊಸಿಲಿನ ಈಚೆ ಚಾಚಲಿಲ್ಲ. ನಾನು ಅವನನ್ನು ಅವುಚಿಕೊಂಡು ಎತ್ತಿ ತಂದು ಆ ದಪ್ಪ ಹಾಸಿಗೆಯ ಮೇಲೆ ಬಿಟ್ಟೆ. ಕಾಲಿಗೆ ಕೆಂಡ ತಾಗಿದ ಹಾಗೆ ಎದ್ದು, ಮೇಜಿಗೆ ಒಂದು ಸಲ ಡಿಕ್ಕಿ ಹೊಡೆದು, ಹೊರಗೆ ಹೋಗಿ ಮತ್ತೆ ಅಲ್ಲೇ ಕೂತ. ಅವನ ಮೈ ನಡುಗುತ್ತಿತ್ತು.

“ಬಿಡು ಮಗಳೇ, ಹಿಂಸೆ ಮಾಡ್ಬೇಡ,” ಎಂದಳು ದೊಡ್ಡಮ್ಮ. ಹೋಗಿ ಹೊಸಿಲ ಮೇಲೆ, ಅರ್ಧ ಒಳಗೆ ಅರ್ಧ ಹೊರಗೆ ಕೂತಳು. “ಮರಿ ಇದ್ದಾಗ ಒಳಗೆ ನುಗ್ಗೋನು. ನನ್ನ ಸೀರೆ ಸೆರಗು ಹಿಡ್ಕೊಂಡೇ ಬರೋನು. ಎಷ್ಟು ಹೇಳಿದ್ರೂ ಕೇಳ್ತಿರಲಿಲ್ಲ. ಕೆಲ್ಸ ಹೋದ್ರೆ ಏನ್ ಮಾಡ್ಲಿ ಅಂತ ಪೊರಕೆ ಕಡ್ಡಿ ತಗೊಂಡು ಹೊಡೆದೆ. ಒಂದು ಸಲ ಅಲ್ಲ. ಕಾಲಿಡೋದು ಬಿಡೋ ತನಕ ಹೊಡೆದೆ.”

ಅವಳು ಅಳತೊಡಗಿದಳು. ದೊಡ್ಡಪ್ಪ ಹೋದಾಗಲೂ ನಾಲ್ಕು ಜನರ ಎದುರು ಅಳದವಳು, ಬಾಯಿಗೆ ಸೆರಗೂ ಹಿಡಿಯದೆ ಅತ್ತಳು. ಬೂದ ಅವಳ ಮೊಣಕೈ ನೆಕ್ಕುತ್ತಿದ್ದ. ಹೊಡೆದ ಕೈಯನ್ನೇ ನೆಕ್ಕುವ ಆ ಪ್ರಾಣಿಯನ್ನು ನೋಡಿ ನನಗೆ ಯಾರನ್ನಾದರೂ ಹಿಡಿದು ಚಚ್ಚಬೇಕೆನಿಸಿತು. ಯಾರನ್ನು ಎಂಬುದು ಗೊತ್ತಿತ್ತು, ಆದರೆ ಅವರು ಅಲ್ಲಿರಲಿಲ್ಲ. ಒಳಗೆ ಅಷ್ಟು ಚೆನ್ನಾಗಿ ಹಾಸಿದ್ದ ದೊಡ್ಡ ಮಂಚವಿತ್ತು. ನಾವಿಬ್ಬರೂ ಆ ಹಾಸಿಗೆಯನ್ನು ಎಳೆದು ತಂದು ಜಗಲಿಯಲ್ಲಿ ಹಾಕಿದೆವು. ಕತ್ತಲಾಗುವ ಮೊದಲೇ ಮೂವರೂ ಅದರ ಮೇಲೆ ಉರುಳಿಕೊಂಡೆವು. ಐತಿಹಾಸಿಕ ಕುಟೀರದ ಒಳಗೆ ಅವತ್ತು ಯಾರೂ ಮಲಗಲಿಲ್ಲ.

ಬೆಳಿಗ್ಗೆ ದೊಡ್ಡಮ್ಮ ಚಹಾ ಮಾಡಿ ತಂದು ಬೆತ್ತದ ಕುರ್ಚಿಯಲ್ಲಿ ಕೂತಿದ್ದಾಗ ಯಜಮಾನರು ಬಂದರು. ವಿಶೇಷ ಅತಿಥಿಗಳನ್ನು ಖುದ್ದು ಕಂಡು ಹೋಗುವುದು ಅವರ ರೂಢಿಯಂತೆ. ಕೈಯಲ್ಲಿ ನಾಯಿ ಬಿಸ್ಕತ್ತಿನ ಪೊಟ್ಟಣ. ಬೂದನನ್ನು ಕಂಡೊಡನೆ ಹುಬ್ಬು ಗಂಟಿಕ್ಕಿತು, ದನಿ ಮಾತ್ರ ಅದೇ ಬೆಣ್ಣೆ.

“ಏನಮ್ಮ, ಇದನ್ನ ತರ್ಬೇಡಿ ಅಂದಿದ್ನಲ್ಲ. ಗೆಸ್ಟ್ ಇನ್ನೂ ಎದ್ದಿಲ್ವಾ?”

ದೊಡ್ಡಮ್ಮ ಕುರ್ಚಿಯಿಂದ ಏಳಲಿಲ್ಲ. “ಎದ್ದಾಯ್ತು ಸಾಹೇಬ್ರೇ. ನಾವೇ ಗೆಸ್ಟು. ಇವನೇ ಆ ವಯಸ್ಸಾದ ನಾಯಿ.”

ಅವರು ತಮಾಷೆ ಎಂದುಕೊಂಡು ನಕ್ಕರು. ನಾನು ಫೋನ್ ಚಾಚಿ ಅವರ ‘ಮನೆಮಕ್ಕಳ’ ಸಂದೇಶವನ್ನು ಅವರಿಗೇ ತೋರಿಸಿದೆ. ನಗು ನಿಂತಿತು. ಮುಖವನ್ನು ಸಮುದ್ರದ ಕಡೆ ತಿರುಗಿಸಿದರು. ಅವರಿಗೆ ನಾಚಿಕೆಯಾಯಿತೆಂದು ನಾನು ಭಾವಿಸಿದೆ. ನನ್ನದು ಬರೀ ಭ್ರಮೆ.

“ಒಂದು ಮಾತು ಕೇಳಿದ್ರೆ ಸುಮ್ನೆ ಕೊಡ್ತಿದ್ನಲ್ಲ,” ಎಂದರು. “ಹೋಗ್ಲಿ, ಆಗಿದ್ದಾಯ್ತು. ಮಧ್ಯಾಹ್ನ ಇನ್ನೊಬ್ರು ಬರ್ತಿದಾರೆ. ಹೊರಡೋ ಮುಂಚೆ ಒಂದ್ಸಲ ಗುಡಿಸಿ ಒರೆಸಿಬಿಡಿ. ಹೇಗೂ ಇಲ್ಲೇ ಇದ್ದೀರಲ್ಲ.”

ಹೇಗೂ ಇಲ್ಲೇ ಇದ್ದೀರಲ್ಲ. ದುಡ್ಡು ಕೊಟ್ಟು ತಂಗಿದವಳಿಗೆ ಹೇಳಿದ ಮಾತು. ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ಇಲ್ಲಿ ಬರೆಯಲಾರೆ. ದೊಡ್ಡಮ್ಮ ಕೈಸನ್ನೆಯಲ್ಲೇ ನನ್ನನ್ನು ತಡೆದಳು. ಉಳಿದ ಚಹಾವನ್ನು ನಿಧಾನವಾಗಿ ಕುಡಿದು ಲೋಟ ಕೆಳಗಿಟ್ಟಳು. ಸೊಂಟದಿಂದ ಬೀಗದ ಕೈಗಳ ಗೊಂಚಲು ತೆಗೆದು ಕುರ್ಚಿಯ ಮೇಲಿಟ್ಟಳು.

“ಗೆಸ್ಟ್ ಯಾರೂ ಇದುವರೆಗೆ ಗುಡಿಸಿ ಹೋಗಿಲ್ಲ ಸಾಹೇಬ್ರೇ. ನಾನೂ ಗುಡಿಸಲ್ಲ. ನಾಳೆಯಿಂದ ಬರೋದೂ ಇಲ್ಲ.”

ಆಗ ಅವರಿಗೆ ಬಿಸಿ ತಟ್ಟಿತು. ಈ ಕಾಲುದಾರಿಯಲ್ಲಿ ನಡೆದು ಬಂದು ಉಪ್ಪುಗಾಳಿಯ ಮನೆಯನ್ನು ತಿಕ್ಕುವವರು ಮಧ್ಯಾಹ್ನದೊಳಗೆ ಎಲ್ಲಿ ಸಿಗುತ್ತಾರೆ? “ಅಯ್ಯೋ, ಅಷ್ಟಕ್ಕೆಲ್ಲ ಯಾಕಮ್ಮ? ನಿಮ್ ನಾಯಿ ಬರ್ಲಿ ಬಿಡಿ. ಅಂಗಳ ಯಾಕೆ, ಒಳಗೇ ಬರ್ಲಿ. ನಾನೇ ಕರೀತೀನಿ ನೋಡಿ,” ಎಂದವರೇ ಬಗ್ಗಿ ಬಾಗಿಲೊಳಗೆ ಹೋಗಿ, ಪೊಟ್ಟಣ ಹರಿದು, ಮೊಣಕಾಲೂರಿ ಕೂತು, ಬಾ ಬಾ ಎಂದು ಬಿಸ್ಕತ್ತು ಚಾಚಿದರು.

ಬೂದ ದನಿ ಬಂದ ಕಡೆ ಮುಖ ತಿರುಗಿಸಿದ. ಅಷ್ಟೇ. ಅವರು ಇನ್ನೂ ಮುದ್ದಾಗಿ ಕರೆದರು. ಅವನು ಒಂದು ಹೆಜ್ಜೆ ಹಿಂದೆ ಸರಿದು ದೊಡ್ಡಮ್ಮನ ಕಾಲಿಗೆ ಒತ್ತಿ ಕೂತ.

“ಅವನು ಬರಲ್ಲ,” ಎಂದಳು ದೊಡ್ಡಮ್ಮ. “ಹೊಸಿಲು ದಾಟಬಾರದು ಅಂತ ನೀವು ಹೇಳಿದ್ರಿ, ನಾನು ಹೊಡೆದೆ. ಅವನು ಕಲಿತ. ನೀವು ಈಗ ಬಾ ಅಂದ್ರೆ ಅದು ಮರೆತುಹೋಗುತ್ತಾ?”

ಯಜಮಾನರು ಬಿಸ್ಕತ್ತು ಹಿಡಿದ ಕೈಯನ್ನು ಕೆಳಗಿಳಿಸಲೂ ಇಲ್ಲ. ಜಗಲಿಯಲ್ಲಿ ಹಾಸಿಗೆ, ಹೊದಿಕೆ, ದಿಂಬುಗಳೆಲ್ಲ ಹರಡಿ ಬಿದ್ದಿದ್ದವು. ಹೋಗುವ ಮುನ್ನ ಅವನ್ನಾದರೂ ಮಡಚಿಡೋಣವೆಂದು ನಾನು ಬಗ್ಗಿದೆ. ದೊಡ್ಡಮ್ಮ ನನ್ನ ಕೈ ಹಿಡಿದೆಳೆದಳು.

“ಮುಟ್ಬೇಡ,” ಎಂದಳು. “ನಡಿ, ಬಿಸಿಲೇರೋಕೆ ಮುಂಚೆ ಇವನು ಮನೆ ಸೇರ್ಬೇಕು.”